ಬೆಕ್ಕು ಮೀನು ಬಿಟ್ಟ ಬೆಳಗು

ಬೆಕ್ಕೊಂದು ಮೀನನ್ನು ಮೂಸಿ ನೋಡಿ, ಮುಖ ತಿರುಗಿಸಿ, ಬಾಲವೆತ್ತಿಕೊಂಡು ಹೊರಟುಹೋಯಿತೆಂದರೆ ಅದೂ ಬರೆಯುವಂಥ ವಿಷಯವೇ ಎಂದು ನೀವು ಕೇಳಬಹುದು. ಅಂದು ನನಗೂ ಹಾಗೆಯೇ ಅನ್ನಿಸಿತ್ತು. ಹಿತ್ತಲಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದ ನಾನು ಬೇಲಿಯಾಚೆ ನಡೆದ ಈ ವೈರಾಗ್ಯದ ದೃಶ್ಯವನ್ನು ಕಂಡು, ನಮ್ಮ ಮನೆಯ ಹಾಲನ್ನದ ಪ್ರಭಾವದಿಂದ ಚಂದ್ರಿಗೆ ಕೊನೆಗೂ ಸದ್ಬುದ್ಧಿ ಬಂತೆಂದು ಒಳಗೊಳಗೇ ಹಿಗ್ಗಿದೆ.

ಚಂದ್ರಿ ನಮ್ಮದೆಂದರೆ ನಮ್ಮದು, ಶಾಂತವ್ವನದೆಂದರೆ ಶಾಂತವ್ವನದು. ಹಾನಗಲ್ಲಿನಿಂದ ಚಿಕ್ಕೇರೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಸಣ್ಣ ಊರಿನಲ್ಲಿ, ನಮ್ಮ ಹಿತ್ತಲಿಗೂ ಶಾಂತವ್ವನ ಅಂಗಳಕ್ಕೂ ನಡುವೆ ಇರುವುದು ಒಂದೇ ಬೇಲಿ. ಬೇಲಿಯ ಈಚೆ ವ್ಯಾಸಪೀಠ, ತುಳಸಿಕಟ್ಟೆ ಮತ್ತು ಹಾಲನ್ನ. ಆಚೆ ಬುದ್ಧನ ಪಟ, ಅದರ ಕೆಳಗೆ ಗೋಡೆಗೊರಗಿಸಿಟ್ಟ ಮೀನಿನ ಬುಟ್ಟಿ. ನಡುವೆ ನುಸುಳಿ ಎರಡೂ ಕಡೆ ಉಣ್ಣುವ ಏಕೈಕ ಪ್ರಾಣಿ ಚಂದ್ರಿ. ಮತ್ಸ್ಯಾವತಾರದ ಹೊರತು ಮೀನಿನೊಡನೆ ನಮ್ಮ ಮನೆತನಕ್ಕೆ ಬೇರೆ ಸಂಬಂಧವಿಲ್ಲ. ಆದರೂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ಮೀನಿನ ಬಗೆಗೂ ಅಭಿಪ್ರಾಯವಿಟ್ಟುಕೊಳ್ಳದೆ ಇರಲಾರ, ಅದು ನಮ್ಮ ವೃತ್ತಿಯ ದೋಷ.

ಶಾಂತವ್ವನ ವ್ಯಾಪಾರಕ್ಕೆ ಒಂದು ನಿಯಮವಿತ್ತು. ಬೆಳಗ್ಗೆ ನಮ್ಮೂರ ಕೆರೆಯಲ್ಲಿ ಬಲೆ ಎಳೆದವರಿಂದ ಮೀನು ತಂದವಳು ಮೊದಲು ಒಂದು ಮೀನಿನ ಬಾಲದ ತುಂಡನ್ನು ಕೊಯ್ದು ಚಂದ್ರಿಯ ಮುಂದೆ ಹಾಕುವಳು. ಚಂದ್ರಿ ತಿಂದರೆ ಬುಟ್ಟಿ ತಲೆಯ ಮೇಲೇರಿ ಹಾನಗಲ್ಲಿನ ಬಸ್ಸು ಹತ್ತುವುದು. ಅವಳ ಅತ್ತೆಯ ಕಾಲದಿಂದ, ಬೇರೆ ಬೇರೆ ಬೆಕ್ಕುಗಳ ಮೂಲಕ, ಈ ಪರೀಕ್ಷೆ ತಪ್ಪದೆ ನಡೆದುಬಂದಿತ್ತು. ಹಾನಗಲ್ಲಿನ ಗಿರಾಕಿಗಳು ತಾಜಾ ಹೌದೋ ಅಲ್ಲವೋ ಎಂದು ಅವಳ ಮೀನಿನ ಕಿವಿರು ಎತ್ತಿ ನೋಡುತ್ತಿರಲಿಲ್ಲವಂತೆ.

ಆ ಬೇಸಿಗೆಯ ಬೆಳಗು ಚಂದ್ರಿ ತಿನ್ನಲಿಲ್ಲ. ಮರುದಿನವೂ ತಿನ್ನಲಿಲ್ಲ. ಮೂರನೆಯ ದಿನ ಶಾಂತವ್ವ ಬುಟ್ಟಿಯನ್ನು ಬೇಲಿಯ ಹತ್ತಿರ ತಂದು, ಮೀನಿಗೆ ಬೆಳೆಯ ಔಷಧಿಯ ವಾಸನೆ ಬರುತ್ತಿದೆಯೆಂದು ದೂರಿದಳು. ಅವಳ ಚಿಂತೆ ವ್ಯಾಪಾರದ್ದಷ್ಟೇ ಆಗಿರಲಿಲ್ಲ. ಮಗಳು ಸವಿತಾ ಐದು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಮೈಯಲ್ಲಿ ರಕ್ತ ಕಡಿಮೆ, ಸೊಪ್ಪು, ತತ್ತಿ, ಮೀನು ಚೆನ್ನಾಗಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಬುಟ್ಟಿಯಿಂದ ಮೂರು ಗೇಣು ದೂರ ನಿಂತು ಮೂಗು ಮುಚ್ಚಿಕೊಂಡೇ ನಾನು ತೀರ್ಪು ಕೊಟ್ಟೆ: ಅಷ್ಟು ದೊಡ್ಡ ಕೆರೆಯಲ್ಲಿ ನಾಲ್ಕು ಹನಿ ಔಷಧಿ ಬಿದ್ದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಎಲ್ಲಿದೆಯೆಂದು ಹುಡುಕಿದರೂ ಸಿಗದು, ಬೆಕ್ಕಿಗೆ ನೆಗಡಿಯಾಗಿರಬೇಕು.

ಶಾಂತವ್ವ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು.

"ನಿಮ್ಮ ಪುಸ್ತಕಕ್ಕ ನಾ ಇಲ್ಲ ಅನ್ನಂಗಿಲ್ಲರಿ ಮಾಸ್ತರ್ರ. ಆದ್ರ ಬೆಕ್ಕು ತಿನ್ನಲಾರದ್ದನ್ನ ಬಸರಿ ಮಗಳಿಗೆ ಹ್ಯಾಂಗ ಬಡಸಲಿ?"

ಬುಟ್ಟಿಯ ಮೀನನ್ನೆಲ್ಲ ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಹುಗಿದು, ಮರುದಿನದಿಂದ ಅದೇ ಬುಟ್ಟಿಯಲ್ಲಿ ಮೆಂತ್ಯೆ, ರಾಜಗಿರಿ ಹೊತ್ತು ಹೊರಟಳು. ಮೀನಿನ ಶಾಂತವ್ವ ಸೊಪ್ಪಿನ ಶಾಂತವ್ವ ಆದದ್ದು ಅವಳಿಗೆ ಎಷ್ಟು ನೋವಿನ ಸಂಗತಿಯೆಂದು ಆಗ ನನಗೆ ತಿಳಿಯಲಿಲ್ಲ. ನನಗೆ ನೋವಾದದ್ದು ಬೇರೆ ಕಾರಣಕ್ಕೆ: ಮೂವತ್ತು ವರ್ಷದ ಶಾಸ್ತ್ರವನ್ನು ಒಂದು ಬೆಕ್ಕು ಸೋಲಿಸಿತ್ತು. ಹಾಗಾಗಿ ಬೆಕ್ಕಿನದೇ ತಪ್ಪೆಂದು ಸಾಧಿಸಿ ತೋರಿಸುವ ಪಣ ತೊಟ್ಟು, ಕೆರೆಯ ನೀರನ್ನು ಎರಡು ಗಾಜಿನ ಬಾಟಲಿಗಳಲ್ಲಿ ತುಂಬಿಕೊಂಡು ಶಿಗ್ಗಾಂವದ ಬಸ್ಸು ಹತ್ತಿದೆ. ಅಲ್ಲಿಯ ಕಾಲೇಜೊಂದರಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಅಧ್ಯಾಪಕನಾಗಿದ್ದ.

ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಸವಣೂರಿನ ಅಜ್ಜಿಯೊಬ್ಬಳು ಕುಳಿತಳು. ನನ್ನ ಕಚ್ಚೆಪಂಚೆ, ಹಣೆಯ ಅಂಗಾರ-ಅಕ್ಷತೆ, ತೊಡೆಯ ಮೇಲೆ ಜೋಪಾನವಾಗಿ ಹಿಡಿದ ಬಾಟಲಿಗಳು, ಇವೆಲ್ಲವನ್ನೂ ಕೂಡಿಸಿ ನೋಡಿದ ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಬಲಗೈ ಬೊಗಸೆ ಮಾಡಿ ಚಾಚಿಯೇಬಿಟ್ಟಳು. ಕಾಶಿಯ ತೀರ್ಥವಲ್ಲ, ಪರೀಕ್ಷೆಗೆ ಒಯ್ಯುತ್ತಿರುವ ಕೆರೆಯ ನೀರು, ಕುಡಿಯಬೇಡಿ ಎಂದೆ. ನೀರನ್ನು ಯಾರಾದರೂ ಪರೀಕ್ಷಿಸುತ್ತಾರೆಯೇ, ನೀರಿಗೆಲ್ಲಿಯ ಮೈಲಿಗೆ ಎಂದು ಅಜ್ಜಿ ನಕ್ಕಳು. ನಮ್ಮ ತಾಯಿಯೂ ಇದೇ ಮಾತು ಹೇಳುತ್ತಿದ್ದರು. ಆದರೂ ಆ ಒಣಗಿದ ಅಂಗೈಯ ಮೇಲೆ ಒಂದು ತೊಟ್ಟು ಹಾಕಲು ನನ್ನ ಕೈ ಏಳಲಿಲ್ಲ. ಕೆರೆಯ ನೀರು ನಿರಪಾಯವೆಂದು ಸಾಧಿಸಲು ಹೊರಟವನು ನಾನೇ ಅದನ್ನು ಯಾಕೆ ಕೊಡಲಾರೆ ಎಂಬ ಪ್ರಶ್ನೆ ಶಿಗ್ಗಾಂವ ಬರುವವರೆಗೂ ಕಾಡಿತು.

ಶಿಷ್ಯ ಬಾಟಲಿಗಳನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ. ಕೆಲವು ವಾರಗಳ ಮೇಲೆ ಉತ್ತರ ಬಂತು: ನೀರಿನಲ್ಲಿ ಕೀಟನಾಶಕದ ಅಂಶವಿದೆ, ಮೀನು ತಿನ್ನಬೇಡಿ. ಗುರುವಿಗೆ ಪಾಠ ಹೇಳುವ ಸಂಕೋಚದಿಂದಲೇ ಅವನು ಫೋನಿನಲ್ಲಿ ವಿವರಿಸಿದ. ಕೆಲವು ವಿಷಗಳು ನೀರಿನಲ್ಲಿ ತೆಳುವಾಗಿ ಕರಗಿದ್ದರೂ ಪಾಚಿ ಅವನ್ನು ಹೀರುತ್ತದೆ, ಪಾಚಿಯನ್ನು ಹುಳ, ಹುಳವನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು, ಕೊನೆಗೆ ಎಲ್ಲರದ್ದೂ ಕೂಡಿ ಮನುಷ್ಯನ ತಟ್ಟೆಗೆ. ತಾಯಿ ತಿಂದರೆ ಗರ್ಭದ ಕೂಸಿಗೆ. ಇಂಗು ತೀರಿದ ಮೇಲೂ ಡಬ್ಬಿ ವಾಸನೆ ಹಿಡಿದುಕೊಂಡಿರುವಂತೆ ಮೀನಿನ ಮೈ ವಿಷವನ್ನು ಹಿಡಿದುಕೊಳ್ಳುತ್ತದೆ. ನಾನು ಇಂಗು ತಿಂದ ಮಂಗನಂತೆ ಕುಳಿತಿದ್ದೆ.

ಇನ್ನು ಅಪರಾಧಿಯನ್ನು ಹಿಡಿಯಬೇಕಲ್ಲ. ಮರುದಿನ ಬೆಳಗ್ಗೆಯೇ ಕೋಪದಿಂದ ಕೋಲೂರಿಕೊಂಡು ಕೆರೆಯ ಪಾವಟಿಗೆಗೆ ಹೋದೆ. ನಾಲ್ಕಾರು ಜನ ರೈತರು ಔಷಧಿ ಹೊಡೆಯುವ ಪಂಪುಗಳನ್ನು ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದರು. ಹಾಲಿನಂಥ ಬಿಳಿ ನೀರು ಮೆಟ್ಟಿಲಿಳಿದು ಕೆರೆ ಸೇರುತ್ತಿತ್ತು. ಅಜ್ಞಾನದ ಮೇಲೆ ಒಂದು ದೀರ್ಘ ಉಪನ್ಯಾಸಕ್ಕೆ ಗಂಟಲು ಸರಿಮಾಡಿಕೊಂಡೆ. ಆಗ ಬಸಪ್ಪ ತಲೆಯೆತ್ತಿದ. ನನ್ನ ಎರಡೆಕರೆ ಗದ್ದೆಯನ್ನು ಪಾಲಿಗೆ ಮಾಡುವವನು ಅವನೇ, ಅವನ ಕೈಯಲ್ಲಿದ್ದ ಹಳದಿ ಪಂಪು ನನ್ನದೇ.

"ಮನಿ ಬಾವಿ ಮಡಿ ಅದ, ಅಲ್ಲಿ ತೊಳೀಬ್ಯಾಡ, ಕೆರಿಗೆ ಒಯ್ಯಿ ಅಂದವ್ರು ನೀವ ಅಲ್ಲೇನ್ರಿ? ರಸಾಯನ ಕಲಿಸಿದ ಮಾಸ್ತರ್ರ ಪಂಪು ಇಲ್ಲೇ ತೊಳಸ್ತಾರ ಅಂದ್ಮ್ಯಾಲ ತಪ್ಪಿರಂಗಿಲ್ಲ ಅಂತ ಎಲ್ಲಾರೂ ಇಲ್ಲಿಗೇ ಬರಾಕತ್ತಾರ."

ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಅಷ್ಟು ದಿನ ಬರೀ ಗಾದೆಯೆಂದುಕೊಂಡಿದ್ದೆ. ನಮ್ಮ ಬಾವಿಯ ಮಡಿ ಕೆಡದಿರಲೆಂದು ಊರ ಕೆರೆಗೆ ವಿಷ ಹಾಕಿಸಿದವನು ನಾನು. ಆ ಕೆರೆಯ ಮೀನನ್ನೇ ಬಸುರಿಗೆ ಬಡಿಸು ಎಂದವನೂ ನಾನು. ಶಾಂತವ್ವ ನನ್ನ ಮಾತು ನಂಬಿದ್ದರೆ ಸವಿತಾಳ ಗತಿ ಏನಾಗುತ್ತಿತ್ತು! ನಾಚಿಕೆಯೆಂದರೇನೆಂದು ಅರುವತ್ತೈದನೆಯ ವಯಸ್ಸಿನಲ್ಲಿ ಕಲಿತೆ.

"ತಪ್ಪು ನಂದು," ಎಂದೆ, ಅಲ್ಲಿದ್ದವರಿಗೆಲ್ಲ ಕೇಳುವಂತೆ. "ಶಾಂತವ್ವನ ಬೆಕ್ಕಿಗೆ ತಿಳಿದದ್ದು ನನಗ ತಿಳೀಲಿಲ್ಲ."

ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ, ಪಂಪುಗಳನ್ನು ಮೇಲೆತ್ತಿದರು. ಮೂವತ್ತು ವರ್ಷ ಸರಿಯುತ್ತರ ಹೇಳಿದಾಗ ಆಗದ ಕೆಲಸ ಒಂದು ತಪ್ಪೊಪ್ಪಿಗೆಯಿಂದ ಆಯಿತು. ಆ ದಿನದಿಂದ ಪಂಪನ್ನು ಹೊಲದಲ್ಲೇ ಮೂರು ಸಲ ತೊಳೆದು, ಆ ನೀರನ್ನು ಅದೇ ಬೆಳೆಗೆ ಹೊಡೆಯುವ ಪದ್ಧತಿ ಬಂತು. ಔಷಧಿಯ ಖಾಲಿ ಡಬ್ಬಿಗಳು ನೀರಿಗೆ ಬೀಳುವುದು ನಿಂತಿತು. ಪಂಪು ತೊಳೆಯಲು ಬೇಕಾದ ತಿಳಿನೀರನ್ನು ಕೆರೆಗಿಳಿಯದೆ ಕೊಡಗಳಲ್ಲಿ ಒಯ್ಯಬೇಕಿತ್ತು, ಹತ್ತಿರದ ಹೊಲದವರಿಗೆ ನಮ್ಮ ಬಾವಿಯೇ ಅನುಕೂಲ. ಮಡಿಯ ಬಾವಿಗೆ ಊರೆಲ್ಲ ಬಂದು ಸೇದತೊಡಗಿತು. ಮೊದಲ ಕೊಡ ಸೇದಿಕೊಟ್ಟವಳು ನನ್ನ ಹೆಂಡತಿ, ಬಾವಿಯೇನೂ ಬತ್ತಲಿಲ್ಲ.

ಆಷಾಢದಲ್ಲಿ ಮಳೆ ಹಿಡಿದು ಹಳೆಯ ನೀರೆಲ್ಲ ಕೋಡಿ ಹರಿಯಿತು. ಸವಿತಾ ಹೆಣ್ಣು ಹೆತ್ತಳು, ಕೂಸು ಗುಂಡುಗುಂಡಾಗಿತ್ತು. ಕೆರೆಗೆ ಹೊಸ ಮೀನುಮರಿ ಬಿಟ್ಟರು. ಹಿರೇಕೆರೂರಿನ ಕಡೆಯ ಮೀನು ತಂದು ಮಾರೆಂದು ಯಾರೋ ಹೇಳಿದರೆ ಶಾಂತವ್ವ ಒಪ್ಪಲಿಲ್ಲ. ತಾನು ಕಣ್ಣಾರೆ ಕಾಣದ ನೀರಿನ ಮೀನಿಗೆ ತನ್ನ ಮಾತು ಕೊಡಲಾರೆನೆಂದು ಸೊಪ್ಪನ್ನೇ ಹೊತ್ತಳು. ಪುಷ್ಯ ಮಾಸದ ಹೊತ್ತಿಗೆ ಮರಿಗಳು ಮೊಳದುದ್ದವಾದವು. ನೀರನ್ನೂ ಮೀನನ್ನೂ ಮತ್ತೆ ಶಿಗ್ಗಾಂವಕ್ಕೆ ಕೊಟ್ಟು ಬಂದೆ. ಹೌದು, ಮೀನಿನ ಡಬ್ಬಿಯನ್ನು ನನ್ನ ತೊಡೆಯ ಮೇಲೆಯೇ ಇಟ್ಟುಕೊಂಡು. ಈ ಸಲ ತಿನ್ನಬಹುದೆಂದು ಉತ್ತರ ಬಂತು. ಕಾಗದವನ್ನು ಬೇಲಿಯ ಮೇಲಿಂದ ಶಾಂತವ್ವನಿಗೆ ಕೊಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ಬುದ್ಧನ ಪಟದ ಹಿಂದೆ ಸಿಕ್ಕಿಸಿದ ಅವಳು, ಇನ್ನೊಂದು ಸಹಿ ಬಾಕಿಯಿದೆ ಎಂದಳು.

ಮರುದಿನ ಬೆಳಗ್ಗೆ ಹಲ್ಲುಜ್ಜುವ ನೆಪದಲ್ಲಿ ಬೇಲಿಯ ಹತ್ತಿರ ನಿಂತೆ. ನನ್ನ ಹಿಂದೆ ನನ್ನ ಹೆಂಡತಿ, ಆಚೆ ಕೂಸನ್ನೆತ್ತಿಕೊಂಡ ಸವಿತಾ, ಬಸಪ್ಪ. ಶಾಂತವ್ವ ಬಾಲದ ತುಂಡನ್ನು ಕೊಯ್ದು ಹಾಕಿದಳು. ಚಂದ್ರಿ ಮೂಸಿತು. ಒಂದು ಸುತ್ತು ಬಂದು ಮತ್ತೆ ಮೂಸಿತು. ನನ್ನ ಪರೀಕ್ಷೆಗಳ ಫಲಿತಾಂಶಕ್ಕೂ ನಾನು ಹಾಗೆ ಉಸಿರು ಹಿಡಿದು ಕಾದವನಲ್ಲ. ಆಮೇಲೆ ಅದು ಮುಂಗಾಲಿನಿಂದ ತುಂಡನ್ನೊತ್ತಿ ಹಿಡಿದು ಮುಳ್ಳು ಸಹಿತ ಕಟಕಟನೆ ತಿಂದು ಮುಗಿಸಿತು. ಶಾಂತವ್ವ ದೊಡ್ಡ ಮೀನೊಂದನ್ನು ಮಗಳಿಗೆಂದು ತೆಗೆದಿಟ್ಟು, ಬುಟ್ಟಿಯನ್ನು ತಲೆಗೇರಿಸಿ, ಯಾರನ್ನೂ ನೋಡದೆ ನೆಟ್ಟಗೆ ಬಸ್ಸಿನ ಕಡೆಗೆ ನಡೆದಳು. ಗೆದ್ದವರು ಹಾಗೆಯೇ ನಡೆಯುತ್ತಾರೆ. ಅವಳು ಕೂಗಬೇಕಾದದ್ದು ಹಾನಗಲ್ಲಿನ ಸಂತೆಯಲ್ಲಿ. ಮೀನು, ನಮ್ಮ ಕೆರೆಯ ಮೀನು ಎಂದು ಅವಳು ಕೂಗಿದ್ದು ಆ ದಿನ ಅಲ್ಲಿಯ ಬಸ್‌ಸ್ಟ್ಯಾಂಡಿನವರೆಗೂ ಕೇಳಿತಂತೆ.

ಆ ಸಂಭ್ರಮಕ್ಕೆ ನನ್ನದೂ ಒಂದು ಪಾಲಿರಲೆಂದು ಒಳಗಿನಿಂದ ಒಂದು ಬಟ್ಟಲು ಹಾಲನ್ನ ತಂದು ಚಂದ್ರಿಯ ಮುಂದಿಟ್ಟೆ. ಅದು ಮೂಸಿ ನೋಡಿ, ಮುಖ ತಿರುಗಿಸಿ, ಬಾಲವೆತ್ತಿಕೊಂಡು ಹೊರಟುಹೋಯಿತು. ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.