ಅವಳು ಕಿವಿಯಲ್ಲಿ ಹೇಳಿದ್ದು

ಮೊನ್ನೆ ದಾದರಿನ ಅಂಗಡಿಯೊಂದರಲ್ಲಿ ರವಿಕೆಗೆಂದು ಖಣ ತೋರಿಸಿದರು. ಹಸಿರು ಬಟ್ಟೆ, ಕೆಂಪು ಅಂಚು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದದ್ದೇ ತಡ, ಭಾಂಡುಪ್‌ ಚಾಳಿನ ಪಕ್ಕದ ಖೋಲಿಯ ಹುಡುಗಿ ನೆನಪಾದಳು...

ಅವಳೂ ನಮ್ಮಂತೆ ಬಾಗಲಕೋಟೆ ಕಡೆಯವಳು. ಕಟ್ಟಡದ ಕೆಲಸಕ್ಕೆ ಬಂದಿದ್ದ ತಾಯಿ ತೀರಿಕೊಂಡಾಗ ಅವಳಿಗೆ ಎರಡು ವರ್ಷ. ಅಪ್ಪ ಅವಳನ್ನು ಆ ಖೋಲಿಯಲ್ಲಿದ್ದ, ಚಾಳಿನವರೆಲ್ಲ ಮಾವಶಿ, ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮರಾಠಿ ಹೆಂಗಸಿನ ಮಡಿಲಿಗೆ ಹಾಕಿ ಊರಿಗೆ ಹೋದ. ಮಕ್ಕಳಿಲ್ಲದ ಮಾವಶಿ ಜೀವಕ್ಕೆ ಜೀವ ಕೊಟ್ಟು ಸಾಕಿದಳು. ಆ ಮನೆಯಲ್ಲಿ ಕನ್ನಡವೆಂಬುದೇ ಇರಲಿಲ್ಲ. ನಾನೂ ಅವಳೊಡನೆ ಮರಾಠಿಯಲ್ಲೇ ಆಡುತ್ತಿದ್ದೆ. ಚಾಳಿನಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ.

ಐದು ವರ್ಷದ ಮೇಲೆ, ಎಪ್ಪತ್ತನೇ ಇಸವಿಯ ಆಸುಪಾಸು, ಅಪ್ಪ ಬಂದ. ಕೈಯಲ್ಲಿ ಮಗಳಿಗೆಂದು ತಂದ ಖಣ. ಅವನ ಮಾತು ಅವಳಿಗೆ ತಿಳಿಯದು, ಅವಳದ್ದು ಅವನಿಗೆ. ಅಲ್ಲಿ ಎರಡೂ ಬಲ್ಲವಳು ಒಂಬತ್ತು ವರ್ಷದ ನಾನೇ.

“ಕೇಳವಾ ಆಕೀನ್ನ, ನನ್ನ ಕೂಡ ಊರಿಗೆ ಬರ್ತಾಳೇನು? ಒಲ್ಲೆ ಅಂದ್ರ ಎಳಕೊಂಡು ಹೋಗಾಂವಲ್ಲ ನಾ.”

ಕೇಳಿದೆ. ಮಾವಶಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳಿಗೆ ನೋವಾದೀತೆಂದು ಹುಡುಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: “ಯೇತೇ ಮೀ.” ಬರುತ್ತೇನೆ ಎಂದು.

“ಒಲ್ಲೆ ಅಂತಾಳ, ಕಾಕಾ” ಅಂದುಬಿಟ್ಟೆ.

ಅವನು ಖಣವನ್ನು ಹೊಸ್ತಿಲ ಮೇಲಿಟ್ಟು, ಚಹಾ ಮುಟ್ಟದೆ ಎದ್ದ. ಮತ್ತೆ ಬರಲಿಲ್ಲ. ಹುಡುಗು ಬುದ್ಧಿ ಎಂದು ತೇಪೆ ಹಾಕಲು ನನಗೆ ನಾಚಿಕೆಯಾಗುತ್ತದೆ. ಅವಳು ಹೋದರೆ ನನಗೆ ಯಾರೂ ಇರುವುದಿಲ್ಲವೆಂದು, ಗೊತ್ತಿದ್ದೇ ಹೇಳಿದ ಸುಳ್ಳು ಅದು.

ಎರಡು ವರ್ಷಕ್ಕೆ ಮಾವಶಿ ಕಾಮಾಲೆಯಲ್ಲಿ ಸತ್ತಳು. ಅವಳ ತಮ್ಮ “ಕಾನಡಿ ಪೋರ್” ಎಂದ, ಕನ್ನಡದ ಕೂಸು, ನಮ್ಮದಲ್ಲ ಎಂದು. ನಮ್ಮವ್ವ “ಮರಾಠಿ ಆಗಿ ಬೆಳದ ಕೂಸು, ನಾವ್ಹ್ಯಾಂಗ ಇಟ್ಕೊಳ್ಳೂದು?” ಎಂದಳು. ಅವಳ ಅಪ್ಪನ ಹಳ್ಳಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಅನಾಥಾಶ್ರಮಕ್ಕೆ ಕರೆದೊಯ್ಯುವ ದಿನ ಅವಳು ಅದೇ ಖಣದ ಕುಬಸ ತೊಟ್ಟಿದ್ದಳು. ನನ್ನನ್ನು ಪಕ್ಕಕ್ಕೆ ಕರೆದು ಮರಾಠಿಯಲ್ಲೇ ಹೇಳಿದಳು: “ಅವತ್ತು ನಾನು ತೀರ ಮೆಲ್ಲಗೆ ಹೇಳಿದೆ, ಅಪ್ಪನಿಗೆ ಕೇಳಿಸಲೇ ಇಲ್ಲ. ನಿಮ್ಮ ಮಾತಲ್ಲಿ ಹೇಳಿಕೊಡು. ಇನ್ನೊಮ್ಮೆ ಬಂದರೆ ನಾನೇ ಹೇಳುತ್ತೇನೆ.”

“ನಾ ಬರ್ತೀನಿ” ಎಂದು ಕಲಿಸಿದೆ. ಮರೆಯದಿರಲೆಂದು ಅದನ್ನೇ ಹೇಳಿಕೊಳ್ಳುತ್ತ ಚಾಳಿನ ಮೆಟ್ಟಿಲಿಳಿದಳು.

ಮದುವೆಯಾದ ಮೇಲೆ ಆಶ್ರಮ ಹುಡುಕಿಕೊಂಡು ಹೋದೆ. ಆಶ್ರಮವಿದ್ದ ಜಾಗದಲ್ಲಿ ಬೇರೆ ಬಿಲ್ಡಿಂಗ್ ಎದ್ದಿತ್ತು...

ಅಂಗಡಿಯವನು ಎಷ್ಟು ಕತ್ತರಿಸಲಿ ಎಂದ. ಬೇಡವೆಂದು ಎದ್ದು ಬಂದೆ. “ನಾ ಬರ್ತೀನಿ.” ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಅದನ್ನು ಕೇಳಬೇಕಾದವನನ್ನು ಕಳಿಸಿಬಿಟ್ಟವಳು ನಾನು.