ಜಗ್ರೂತಾ ಗದ್ದಲವಲ್ಲ

ನಮ್ಮ ಕಡಲತಡಿಯ ಊರು ಮಹ್ದಿಯಾದ ಅಂಚೆ ಕಚೇರಿಯ ಟೆಲಿಫೋನ್ ವಿಭಾಗದಲ್ಲಿ ಮನ್ನೂಬಿಯಾ ಮೂವತ್ತೊಂದು ವರ್ಷ ಕೂತಿದ್ದಳು. ನಮ್ಮೂರ ಮೀನುಗಾರರಲ್ಲಿ ಅರ್ಧಕ್ಕರ್ಧ ಜನ ಸಮುದ್ರದಾಚೆ ಸಿಸಿಲಿಯ ಮಜಾರಾದಲ್ಲಿ ಬಲೆ ಬೀಸುತ್ತಿದ್ದ ಕಾಲ ಅದು. ಅವರಿಗೂ ಮನೆಯವರಿಗೂ ನಡುವೆ ಇದ್ದದ್ದು ಇವಳ ಕೈಯ ತಂತಿ ಒಂದೇ. "ಮಾತಾಡಿ, ಲೈನ್ ಸಿಕ್ಕಿದೆ" ಅನ್ನುವಳು. ಮೂರು ನಿಮಿಷಕ್ಕೆ "ಸಮಯ ಆಯ್ತು" ಅಂದು ಕಡಿಯುವಳು. ಆದರೆ ಮದುವೆಯದೋ ಹೆರಿಗೆಯದೋ ಸುದ್ದಿ ಬಂದು ಗಾಜಿನ ಗೂಡಿನೊಳಗಿಂದ ಯಾವಳಾದರೂ ಜಗ್ರೂತಾ ಹಾಕಿದಳೋ, ನಾಲಿಗೆ ಅತ್ತಿತ್ತ ಬಡಿದು ಹೆಂಗಸರು ಹೊಮ್ಮಿಸುವ ಆ ಸಂತೋಷದ ಕೂಗು ಕಿವಿಗೆ ಬಿತ್ತೋ, ಮನ್ನೂಬಿಯಾಳ ಗಡಿಯಾರ ನಿಂತುಹೋಗುತ್ತಿತ್ತು. ಮೇಲಧಿಕಾರಿ ಎರಡು ಸಲ ನೋಟೀಸು ಕೊಟ್ಟ. ಎರಡನ್ನೂ ಮಡಿಸಿ ಅಲುಗುವ ಮೇಜಿನ ಕಾಲಡಿಗೆ ಇಟ್ಟಳು.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರುವ ಜೀವವಲ್ಲ ಅದು. ಊರ ಗ್ರಂಥಾಲಯದಲ್ಲಿ ಶನಿವಾರ ಶನಿವಾರ ಹನ್ನೆರಡು ಜನ ಸೇರಿ 'ನವ್ರಸ್' ಅನ್ನುವ ಕಂಪ್ಯೂಟರ್ ವ್ಯವಸ್ಥೆ ಕಟ್ಟುತ್ತಿದ್ದರು. ಹಳೇ ಯಂತ್ರದಲ್ಲೂ ಓಡುವಂಥದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಪರದೆಯ ಮೇಲಿನ ಮಾತುಗಳನ್ನು ಪಂಡಿತರ ಅರಬ್ಬಿಯಿಂದ ಮನುಷ್ಯರ ಅರಬ್ಬಿಗೆ ತರುವ ಕೆಲಸ ಮನ್ನೂಬಿಯಾಳದು. ತಂಡದ ಮುಂದಾಳು ಲಸ್ಸಾದ್, ಭೌತಶಾಸ್ತ್ರದ ಮೇಷ್ಟ್ರು. ಒಳ್ಳೆಯವನೇ, ತನಗೆ ತಿಳಿದದ್ದರಾಚೆ ಪ್ರಪಂಚವಿಲ್ಲ ಅನ್ನುವ ಒಂದು ಜಂಬ ಬಿಟ್ಟರೆ.

ಈ ಸಲ ತೀರ್ಮಾನವಾಗಬೇಕಿದ್ದದ್ದು ಒಂದೇ: ನವ್ರಸ್‌ನಲ್ಲಿ ಮುಖ ನೋಡಿ ಮಾತಾಡುವುದಕ್ಕೆ ಯಾವ ತಂತ್ರಾಂಶ ಮೊದಲೇ ಕೂರಿಸಿ ಕಳಿಸುವುದು? ಒಂದು 'ಹಮ್ಸ್', ನಯ ನಾಜೂಕಿನದು, ಬೈಕಿನ ಸದ್ದು, ಕೋಳಿಯ ಕೂಗು ಎಲ್ಲ ಸೋಸಿ ಬರೀ ಮಾತನ್ನು ದಾಟಿಸುವಂಥದ್ದು. ಇನ್ನೊಂದು 'ಜಿಸ್ರ್', ನೋಡಲು ಒರಟು, ಬಂದದ್ದನ್ನೆಲ್ಲ ದಾಟಿಸುತ್ತದೆ. ಪರೀಕ್ಷೆಯ ಪ್ರತಿಯಲ್ಲಿ ಎರಡೂ ಇದ್ದವು. ಸೋತದ್ದನ್ನು ಶನಿವಾರ ಸಂಜೆಗೆ ಕಿತ್ತುಹಾಕಿ, ನಲವತ್ತು ಗ್ರಂಥಾಲಯಗಳಿಗೂ ಮಜಾರಾದ ನಮ್ಮವರ ಸಂಘಕ್ಕೂ ಕಳಿಸುವುದೆಂದು ಮಾತಾಗಿತ್ತು.

ಮರುದಿನ ಭಾನುವಾರ ಮನ್ನೂಬಿಯಾಳ ಮಗಳು ಸುಂದುಸ್‌ಳ ಮದುವೆಯ ಕರಾರು. ಅವರ ಮನೆಯಲ್ಲಿ ಮೊದಲ ಜಗ್ರೂತಾ ದೊಡ್ಡಮ್ಮ ಶಾದ್ಲಿಯಾಳದ್ದೇ ಆಗಬೇಕು. ಅವಳು ಹಾಕದೆ ಸಹಿ ಬಿದ್ದ ಮದುವೆಯೇ ಇಲ್ಲ. ಸೊಂಟ ಮುರಿದು ಮಜಾರಾದಲ್ಲೇ ಕೂತ ಶಾದ್ಲಿಯಾ ಈ ಸಲ ಸಂಘದ ಕಂಪ್ಯೂಟರಿನಿಂದಲೇ ಹಾಕುವುದೆಂದು ಹೇಳಿದ್ದಳು. ಗುರುವಾರ ಅಕ್ಕತಂಗಿಯರು ಹಮ್ಸ್‌ನಲ್ಲಿ ಒಮ್ಮೆ ಅಭ್ಯಾಸ ಮಾಡಿದರು. ಪರದೆಯಲ್ಲಿ ಶಾದ್ಲಿಯಾ ಬಾಯಿ ತೆರೆದಳು, ನಾಲಿಗೆ ಕುಣಿಯಿತು, ಸದ್ದಿಲ್ಲ.

"ಅಕ್ಕಾ, ಗಂಟಲು ಹೋಯ್ತೇನೇ ನಿಂಗೆ?"

"ಗಂಟಲಿಗೇನಾಗಿದೆ? ನಿನ್ನ ಕಿವಿ ಹೋಗಿರ್ಬೇಕು! ಊರವರ ಗುಟ್ಟೆಲ್ಲ ಕೇಳಿ ಕೇಳಿ ತುಂಬ್ಹೋಗಿದೆ. ಎಲ್ಲಿ, ನೀನು ಹಾಕು ನೋಡೋಣ."

ಮನ್ನೂಬಿಯಾ ಹಾಕಿದಳು. ಆಚೆಯಿಂದ ಶಾದ್ಲಿಯಾ ಹೊಟ್ಟೆ ಹಿಡಿದು ನಕ್ಕಳು. "ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ಬಾಯಿ ಬಿಡ್ತಿದ್ದೀಯ, ಅಷ್ಟೇ!"

ಆಗ ಹೊಳೆಯಿತು. ಹಮ್ಸ್‌ಗೆ ಕೋಳಿಯ ಕೂಗೂ ಒಂದೇ, ಜಗ್ರೂತಾನೂ ಒಂದೇ, ಸೋಸಿ ಚೆಲ್ಲುತ್ತಿತ್ತು. ಅದನ್ನು ನಿಲ್ಲಿಸಲು ಗುಂಡಿಯೇ ಇರಲಿಲ್ಲ. ಅವಳು ತಂಡದ ದೂರುಪಟ್ಟಿಯಲ್ಲಿ ಬರೆದಳು: "ಸಂತೋಷ ಕೇಳಿಸುತ್ತಿಲ್ಲ." ಲಸ್ಸಾದ್‌ನ ಉತ್ತರ ಹತ್ತೇ ನಿಮಿಷದಲ್ಲಿ ಬಂತು: "ಅದು ಗದ್ದಲ. ತಂತ್ರಾಂಶ ಸರಿಯಾಗಿಯೇ ಕೆಲಸ ಮಾಡುತ್ತಿದೆ. ದೂರು ಮುಚ್ಚಲಾಗಿದೆ."

ಗದ್ದಲವಂತೆ! ಮನ್ನೂಬಿಯಾಳಿಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ಅವಳು ಖರ್ಜೂರ ತುಂಬಿ ಕರಿದ ಮಕ್ರೂದ್ ಸಿಹಿಯ ಡಬ್ಬಿ ತಂದಳು; ಆದರೆ ಮುಚ್ಚಳ ತೆಗೆಯಲಿಲ್ಲ. ಎಲ್ಲರಿಗೂ ಅರ್ಥವಾಯಿತು, ಇವತ್ತು ಗ್ರಹಚಾರ ಬಿಡಿಸುತ್ತಾಳೆಂದು.

"ಖಾಲ್ತಿ, ಹಮ್ಸ್ ಹಗುರ, ಧ್ವನಿ ಸ್ವಚ್ಛ," ಅಂದ ಲಸ್ಸಾದ್; ತಂಡದವರಿಗೆಲ್ಲ ಅವಳು ಖಾಲ್ತಿ, ಅಂದರೆ ಚಿಕ್ಕಮ್ಮ. "ಜಿಸ್ರ್ ಬೇಕಾದವರು ಆಮೇಲೆ ಹಾಕ್ಕೊಳ್ಳಲಿ. ಯಾರು ಬೇಡ ಅಂತಾರೆ?"

"ಯಾರು ಹಾಕ್ಕೋತಾರೆ, ಮಗಾ? ನಿಮ್ಮಮ್ಮ ಟಿವಿ ತಂದ ದಿನ ಯಾವ ಚಾನೆಲ್ ಬಂತೋ ಇವತ್ತಿಗೂ ಅದನ್ನೇ ನೋಡ್ತಾಳೆ. ನಾವು ಏನು ಕೂರಿಸಿ ಕಳಿಸ್ತೀವೋ ನಲವತ್ತೂರಿಗೂ ಅದೇ ಗತಿ."

"ಒಂದು ಕೂಗಿಗೋಸ್ಕರ..."

"ಬಾಯಿ ಮುಚ್ಚು. ನೋಡು."

ಗೋಡೆಯ ದೊಡ್ಡ ಪರದೆಯಲ್ಲಿ ಶಾದ್ಲಿಯಾಳ ಮುಖ ಬಂತು, ಹಿಂದೆ ಸಂಘದ ಏಳೆಂಟು ಹೆಂಗಸರು. ಮೊದಲು ಹಮ್ಸ್. ಅಷ್ಟೂ ಬಾಯಿಗಳು ತೆರೆದವು, ಅಷ್ಟೂ ನಾಲಿಗೆಗಳು ಕುಣಿದವು. ಒಂದು ಪಿಸುಮಾತೂ ಬರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಮನ್ನೂಬಿಯಾ ಜಿಸ್ರ್ ತೆರೆದಳು.

ಅಬ್ಬಾ! ಕಿಟಕಿಯ ಗಾಜು ಅದುರಿತು. ಪಕ್ಕದ ಓದುವ ಕೋಣೆಯ ಹೆಂಗಸರು ಕುರ್ಚಿ ತಳ್ಳಿ ಎದ್ದರು. ಜಗ್ರೂತಾ ಕಿವಿಗೆ ಬಿದ್ದರೆ ಮರುಕೂಗು ಕೊಡದೆ ಕೂರುವ ಹೆಣ್ಣು ನಮ್ಮೂರಲ್ಲಿ ಹುಟ್ಟಿಲ್ಲ. ಮೊದಲು ಬಾಯಿ ತೆರೆದವಳು ಯಾರೆಂದಿರಿ? ಗ್ರಂಥಪಾಲಕಿ ಎಮ್ನಾ! ಇಪ್ಪತ್ತು ವರ್ಷದಿಂದ ಒಂದು ಕೆಮ್ಮಿಗೂ ಕಣ್ಣು ಕೆಕ್ಕರಿಸುತ್ತಿದ್ದವಳು 'ನಿಶ್ಶಬ್ದ' ಬೋರ್ಡಿನ ಕೆಳಗೇ ನಿಂತು ಉದ್ದಕ್ಕೆ ಎಳೆದಳು. ಉಳಿದವರು ಸೇರಿಕೊಂಡರು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬಳು ಯಾರ ಮದುವೆಯೆಂದು ತಿಳಿಯದೆ ಅಲ್ಲಿಂದಲೇ ಒಂದು ಹಾಕಿ ಮುಂದೆ ನಡೆದಳು. ಮಜಾರಾದವರು ಬಿಡಬೇಕಲ್ಲ, ಅಲ್ಲಿಂದ ಮತ್ತೆ ಬಂತು.

"ಏನಪ್ಪಾ, ಗದ್ದಲವಾ ಇದು?"

ಲಸ್ಸಾದ್‌ನ ಕಿವಿ ಕೆಂಪಾಗಿತ್ತು, ಕಣ್ಣು ತುಂಬಿತ್ತು. "ಅಲ್ಲ ಖಾಲ್ತಿ. ನಾನು ಹುಟ್ಟಿದ ದಿನ ಅಜ್ಜಿ ಇದನ್ನ ನೀವು ಕೊಟ್ಟ ಲೈನಲ್ಲೇ ಮಜಾರಾದಲ್ಲಿದ್ದ ಅಪ್ಪನಿಗೆ ಕೇಳಿಸಿದ್ದಳಂತೆ. ಅಮ್ಮ ಈಗಲೂ ಹೇಳ್ತಿರ್ತಾಳೆ."

"ಹೇಳ್ದೆ ಏನು, ಹನ್ನೊಂದು ನಿಮಿಷ ಬಿಟ್ಟಿದ್ದೆ ಕಣೋ! ಎರಡನೇ ನೋಟೀಸು ನಿನ್ನಿಂದಲೇ ಬಂದದ್ದು."

ಹನ್ನೆರಡು ಕೈ ಜಿಸ್ರ್‌ಗೆ ಎದ್ದವು. ಲಸ್ಸಾದ್‌ನದು ಎಲ್ಲರಿಗಿಂತ ಮೇಲೆ. ಮುಚ್ಚಿದ ದೂರನ್ನು ಅವನೇ ತೆರೆದು, "ಜಗ್ರೂತಾ ಗದ್ದಲವಲ್ಲ. ತಪ್ಪು ನನ್ನದು" ಎಂದು ಬರೆದ. ಆಮೇಲೆ ಮಕ್ರೂದ್ ಡಬ್ಬಿಯ ಮುಚ್ಚಳ ತೆರೆಯಿತು.

ಭಾನುವಾರ ಅಂಗಳ ತುಂಬ ಜನ. ಕರಾರಿನ ಕಾಗದ ಬಿಚ್ಚಿ ಅಧಿಕಾರಿ ಪೆನ್ನು ಹಿಡಿದ. ಮೇಜಿನ ಮೇಲಿನ ಪರದೆಯಲ್ಲಿ ಶಾದ್ಲಿಯಾ ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದಳು. ಮನ್ನೂಬಿಯಾ ಬಗ್ಗಿದಳು, ತನಗರಿಯದೆ ಹಳೆಯ ಕಚೇರಿಯ ದನಿ ಬಂತು.

"ಮಾತಾಡಿ, ಮಜಾರಾ. ಲೈನ್ ಸಿಕ್ಕಿದೆ. ಸಮಯ ನಾನು ನೋಡ್ತಿಲ್ಲ."