ಚಾವಿ ಕೊಡದ ಫರಹಾನಾ

ಹುನಗುಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಫರಹಾನಾ ತಮ್ಮ ತಗಡಿನ ಶೆಡ್ಡಿನ ದೀಪ ಆರಿಸಿ ಕೆಂಪು ಕಾರೊಂದರ ಎಂಜಿನ್ ಮೇಲೆ ಬಾಗಿದ್ದಾರೆ. ಎಂಜಿನ್ ಓಡುತ್ತಿದೆ. ಕೈಯಲ್ಲಿ ಇಸ್ತ್ರಿಯವರು ಬಳಸುವಂಥ ನೀರಿನ ಬಾಟಲಿ. ಪ್ಲಗ್‌ಗಳಿಗೆ ಹೋಗುವ ವೈರುಗಳ ಮೇಲೆ ತುಸು ನೀರು ಸಿಂಪಡಿಸಿ ಉಸಿರು ಬಿಗಿಹಿಡಿದು ನೋಡುತ್ತಾರೆ. ವೈರು ಎಲ್ಲಾದರೂ ಸೀಳಿದ್ದರೆ ಕತ್ತಲಲ್ಲಿ ನೀಲಿ ಕಿಡಿ ಕಾಣಬೇಕು. ಕಾಣುವುದಿಲ್ಲ.

"ಕಂಡಿದ್ರ ಛಲೋ ಇತ್ರಿ," ಎಂದು ಅವರು ದೀಪ ಹಾಕುತ್ತಾರೆ. ಮುಖದಲ್ಲಿ ಸಮಾಧಾನವಿಲ್ಲ. "ಕೆಟ್ಟು ನಿಂತ ಗಾಡೀದು ಚಿಂತಿ ಇಲ್ರಿ, ಅದು ಎಲ್ಲೂ ಹೋಗಂಗಿಲ್ಲ. ಒಮ್ಮೆ ಕೆಟ್ಟು ಮತ್ತ ತಾನ ಛಲೋ ಆಗ್ತೈತಲ್ರಿ, ಅದರದ್ದು ಚಿಂತಿ."

ಕಾರು ಎರಡೇ ಸೀಟಿನದು. ಇಪ್ಪತ್ತು ವರ್ಷ ದಾಟಿದ ವಿದೇಶಿ ಸ್ಪೋರ್ಟ್ಸ್ ಕಾರು. ಬಾಗಲಕೋಟೆಯ ವಿಮಾ ಅಧಿಕಾರಿ ನಿತಿನ ಇದನ್ನು ಪುಣೆಯಿಂದ ಆಸೆಪಟ್ಟು ತಂದವರು. ಹೆಂಡತಿ ರಂಜನಾ ಅವರ ತವರು ಇಳಕಲ್ಲು. ಕಳೆದ ತಿಂಗಳು ಇಬ್ಬರೂ ಅಲ್ಲಿಗೆ ಹೊರಟಿದ್ದಾಗ, ಅಮೀನಗಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕುವಾಗಲೇ ಎಂಜಿನ್ ಮುಗ್ಗರಿಸಿತು. ಎದುರಿಗೆ ಬಸ್ಸು. ಡ್ರೈವರ್ ಬಸ್ಸನ್ನು ಮಣ್ಣಿಗೆ ಇಳಿಸಿದ್ದರಿಂದ ಇಬ್ಬರೂ ಉಳಿದರು. ಮರುಗಳಿಗೆಯೇ ಎಂಜಿನ್ ಏನೂ ಆಗಿಲ್ಲವೆಂಬಂತೆ ಓಡತೊಡಗಿತು.

ಗ್ಯಾರೇಜಿನವರು ಇದಕ್ಕೆ 'ಮಿಸ್ಸಿಂಗ್' ಎನ್ನುತ್ತಾರೆ. ಎಂಜಿನ್ನಿನಲ್ಲಿ ಕಿಡಿ ಹೊತ್ತಬೇಕಾದ ಕ್ಷಣಕ್ಕೆ ಹೊತ್ತುವುದಿಲ್ಲ, ಗಾಡಿ ಎಳೆಯುವುದಿಲ್ಲ. ಬೇರೆ ಕಡೆ ಪ್ಲಗ್ ಬದಲಿಸಿದರು, ಕಿಡಿ ಕೊಡುವ ಕಾಯಿಲ್ ಬದಲಿಸಿದರು, ಪೆಟ್ರೋಲ್ ಪಂಪನ್ನೂ ಬದಲಿಸಿದರು. ಮಿಸ್ಸಿಂಗ್ ಹೋಗಲಿಲ್ಲ. ಫರಹಾನಾ ಅವರ ಹತ್ತಿರ ಬಂದ ಮೇಲೆ ಕಾರು ಒಮ್ಮೆಯೂ ತಪ್ಪು ಮಾಡಿಲ್ಲ. ಅದೇ ಅವರ ನಿದ್ದೆ ಕೆಡಿಸಿದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ನಿತಿನ ಬಂದಿಳಿಯುತ್ತಾರೆ. ಮಧ್ಯಾಹ್ನ ಬಾದಾಮಿಯಲ್ಲಿ ಹಳೆಯ ಕಾರಿನ ಗೆಳೆಯರೆಲ್ಲ ಸೇರುತ್ತಿದ್ದಾರೆ.

"ಈಗ ಛಲೋ ಓಡ್ಲಿಕತ್ತದಲ್ರಿ. ಚಾವಿ ಕೊಡ್ರಿ," ಎನ್ನುತ್ತಾರೆ ಅವರು.

"ಕೊಡಂಗಿಲ್ರಿ ಸಾಹೇಬ್ರ."

"ಅಲ್ರಿ, ಗಾಡಿ ನಂದದ."

"ನಿಮ್ಮದ ಐತ್ರಿ. ದೋಷ ಸಿಕ್ಕಿಲ್ಲ ಅಂದ್ರ ದೋಷ ಇಲ್ಲ ಅಂತಲ್ಲ. ಸಿಗೂ ತನಕ ಹೆಂಗ ಕೊಡ್ಲಿ?"

ನಿತಿನ ಸಿಡಿಮಿಡಿಗೊಂಡು ಹೊರಗೆ ಹೋಗಿ ಫೋನ್ ಹಚ್ಚುತ್ತಾರೆ. ಹಿಂದಿನ ದಿನವೇ ರಂಜನಾ ತಮಗೆ ಫೋನ್ ಮಾಡಿದ್ದರೆಂದು ಫರಹಾನಾ, ತಮ್ಮ ಬಗ್ಗೆ ಬರೆಯಲು ಬಂದಿರುವ ನನಗೆ ಮೆಲ್ಲಗೆ ಹೇಳುತ್ತಾರೆ. "'ಇವರು ಹಟ ಮಾಡ್ತಾರ, ನೀವು ಮಾತ್ರ ಕೊಡಬ್ಯಾಡ್ರಿ' ಅಂದ್ರು. ಅವರು ಅನ್ನದಿದ್ರೂ ನಾ ಕೊಡ್ತಿರಲಿಲ್ಲ."

ಫರಹಾನಾ ಈ ಕೆಲಸ ಕಲಿತದ್ದು ತಂದೆ ಮಲೀಕಸಾಬರ ಪಕ್ಕದಲ್ಲಿ ಕುಳಿತು. ಅವರು ಡೈನಮೊ, ಸ್ಟಾರ್ಟರುಗಳಿಗೆ ತಂತಿ ಸುತ್ತುತ್ತಿದ್ದವರು. ಕಣ್ಣು ಮಂಜಾದ ಮೇಲೆ ಶೆಡ್ಡು ಮಗಳ ಪಾಲಿಗೆ ಬಂತು. ಈಗ ದಿನಕ್ಕೆ ಎಂಟು-ಹತ್ತು ಗಾಡಿ ಬರುತ್ತವೆ. ಹೆಚ್ಚಿನವು ಟ್ರ್ಯಾಕ್ಟರು, ಟಂಟಂ ಆಟೊ. ಮೊದಮೊದಲು ಗಿರಾಕಿಗಳು ಇವರನ್ನು ಕಂಡು ಮೆಕ್ಯಾನಿಕ್ ಎಲ್ಲಿ ಎಂದು ಕೇಳಿ ಮರಳಿ ಹೋದದ್ದುಂಟು. "ಹೆಣ್ಣಮಗಳು, ಹೆಣ್ಣಮಗಳು ಅಂತ ಭಾಳ ಬರೀಬ್ಯಾಡ್ರಿ," ಎಂದು ಅವರು ನನಗೆ ತಾಕೀತು ಮಾಡುತ್ತಾರೆ. "ವೈರಿನ ಕೆಲಸ ಮಾಡ್ತಾಳ ಅಂತ ಬರೀರಿ, ಸಾಕು."

ಗಂಡ ಬಂದೇನವಾಜ ಇಳಕಲ್ಲಿನ ಗ್ರಾನೈಟ್ ಸಾಗಿಸುವ ಲಾರಿಯ ಡ್ರೈವರ್. "ಅವರೂ ಇದ ರೋಡಿನ್ಯಾಗ ಹೋಗೋರು. ಇಲ್ಲಿಂದ ಬಿಟ್ಟ ಗಾಡಿ ಯಾರ ಎದುರಿಗೆ ಹೋಗ್ತೈತಿ, ಯಾರಿಗೆ ಗೊತ್ರಿ?"

ಹೊತ್ತೇರಿದ ಮೇಲೆ ಅವರಿಗೊಂದು ಉಪಾಯ ಹೊಳೆಯುತ್ತದೆ. ಕಾಯಿಲ್‌ಗೆ ಕರೆಂಟು ತರುವ ವೈರಿಗೆ ಸಣ್ಣ ಬಲ್ಬೊಂದನ್ನು ಜೋಡಿಸಿ, ಅದನ್ನು ಕಿಟಕಿಯ ಮೂಲಕ ಒಳಗೆ ತಂದು ಸೀಟಿನ ಮುಂದೆ ಅಂಟಿಸುತ್ತಾರೆ. ಎಂಜಿನ್ ಮುಗ್ಗರಿಸಿದಾಗ ಬಲ್ಬೂ ಆರಿದರೆ ಕರೆಂಟಿನದೇ ದೋಷ. ಆರದಿದ್ದರೆ ಬೇರೆ ಕಡೆ ಹುಡುಕಬೇಕು. ಪರೀಕ್ಷೆಗೆ ಕಾರು ಓಡಿಸುವವರು ನಿತಿನ, ಒಲ್ಲದ ಮನಸ್ಸಿನಿಂದ.

"ನೀವು ರೋಡ್ ನೋಡ್ರಿ, ನಾ ಬಲ್ಬ್ ನೋಡ್ತೇನಿ," ಎಂದು ಫರಹಾನಾ ಪಕ್ಕದಲ್ಲಿ ಕೂರುತ್ತಾರೆ. ಕಾರು ಅಮೀನಗಡದ ದಾರಿ ಹಿಡಿಯುತ್ತದೆ.

ಮೂರನೆಯವರಿಗೆ ಜಾಗವಿಲ್ಲ. ನಾನೂ ಮಲೀಕಸಾಬರೂ ಶೆಡ್ಡಿನಲ್ಲಿ ಕಾಯುತ್ತೇವೆ. ಚಹಾ ಬರುತ್ತದೆ, ಆರುತ್ತದೆ. ಫೋನ್ ಹಚ್ಚಿದರೆ ಎತ್ತುವವರಿಲ್ಲ. ದಾರಿಯಲ್ಲಿ ಜೋರಾಗಿ ಹಾರ್ನ್ ಕೇಳಿದಾಗಲೆಲ್ಲ ಮುದುಕರು ಆ ಕಡೆ ಕಿವಿ ಕೊಡುತ್ತಾರೆ. "ಆಕಿ ಭಾಳ ಅಂಜ್ತಾಳ್ರಿ," ಎನ್ನುತ್ತಾರೆ. "ಅದಕ್ಕ ಆಕಿ ಕೈಯಾಗ ಶೆಡ್ ಕೊಟ್ಟೇನಿ." ಮತ್ತೆ ಸ್ವಲ್ಪ ಹೊತ್ತಿಗೆ, "ಇಷ್ಟೊತ್ತಿಗೆ ಬರಬೇಕಿತ್ತು," ಎನ್ನುತ್ತಾರೆ.

ಅಂತೂ ಕೆಂಪು ಕಾರು ಓಣಿಗೆ ತಿರುಗುತ್ತದೆ, ತೀರಾ ನಿಧಾನವಾಗಿ. ಇಳಿದ ನಿತಿನರ ಮುಖ ಬಿಳಚಿದೆ. ಅವರು ನೀರು ಕೇಳಿ ಕುಡಿಯುತ್ತಾರೆ. ಎಷ್ಟೋ ಸಲ ವೇಗ ಕೊಟ್ಟು ನೋಡಿದರೂ ಏನೂ ಆಗಿರಲಿಲ್ಲವಂತೆ. ಮರಳಿ ಬರುವಾಗ ಮತ್ತೆ ವೇಗ ಕೊಟ್ಟರೆ, ಹಿಂದೆ ಸರಕು ತುಂಬಿದ ಲಾರಿಯೊಂದು ಇರುವಾಗಲೇ ಎಂಜಿನ್ ಸೋತಿತಂತೆ.

"ಲಾರಿ ಹಾರ್ನ್ ಹೊಡಕೋತ ಹಿಂದ ಬಂದ ಬಿಡ್ತು. ಏನ್ ಮಾಡಬೇಕಂತ ತಿಳೀಲಿಲ್ಲ," ಎನ್ನುತ್ತಾರೆ ನಿತಿನ. "ಇವರು 'ಎಡಕ್ಕ ತಗೋರಿ, ಎಡಕ್ಕ' ಅಂದ್ರು. ತಗೊಂಡೆ."

ಫರಹಾನಾ ಹೇಳುವುದು ಇಷ್ಟೇ: "ಬಲ್ಬ್ ಆರಿತ್ರಿ."

ಎಂಜಿನ್ ಬಂದ್ ಮಾಡಿ, ಚಾವಿ ತಿರುಗಿಸಿ ಬಲ್ಬು ಉರಿಯಲು ಬಿಡುತ್ತಾರೆ. ದಪ್ಪ ಕಟ್ಟಿಗೆಯೊಂದನ್ನು ಸಂದಿಗೆ ಕೊಟ್ಟು ಎಂಜಿನ್ನನ್ನು ಪಕ್ಕಕ್ಕೆ ಮೀಟುತ್ತಾರೆ. ಬಲ್ಬು ಪಕ್ಕನೆ ಆರುತ್ತದೆ. ಬಿಟ್ಟರೆ ಉರಿಯುತ್ತದೆ. ಎಂಜಿನ್ ಕೂತಿರುವ ರಬ್ಬರು ಹರಿದುಹೋಗಿದೆ. ಜೋರು ವೇಗ ಕೊಟ್ಟಾಗ ಎಂಜಿನ್ ಹೊರಳಿ ಕಾಯಿಲ್‌ಗೆ ಕರೆಂಟು ತರುವ ವೈರನ್ನು ಜಗ್ಗುತ್ತದೆ. ವೈರಿನ ಮೇಲ್ಪದರ ಹೊಸದರಂತಿದೆ. ಬ್ಲೇಡಿನಿಂದ ಸೀಳಿದಾಗ ಒಳಗಿನ ತಾಮ್ರ ಹಸಿರುಗಟ್ಟಿ ತುಂಡಾಗಿದೆ. ಎರಡು ತುದಿಗಳು ಒಂದಕ್ಕೊಂದು ಸುಮ್ಮನೆ ತಾಗಿಕೊಂಡಿವೆ.

"ನಿಂತಾಗ ಜಗ್ಗಂಗಿಲ್ಲ, ಸಾವಕಾಶ ಹೋದ್ರೂ ಜಗ್ಗಂಗಿಲ್ಲ," ಎಂದು ತೋರಿಸುತ್ತಾರೆ ಫರಹಾನಾ. "ಇನ್ನೊಂದು ಗಾಡಿ ದಾಟೂ ಹೊತ್ತಿನ್ಯಾಗ ಅಷ್ಟ ಕೈ ಕೊಡ್ತಿತ್ತು."

ನಿತಿನ ಆ ತುಂಡು ವೈರನ್ನು ಬಹಳ ಹೊತ್ತು ಹಿಡಿದು ನೋಡುತ್ತಾರೆ. ಬಾದಾಮಿಯ ಮಾತು ಮತ್ತೆ ತೆಗೆಯುವುದಿಲ್ಲ.

ವೈರು ಅಂದೇ ಹೊಸದಾಗುತ್ತದೆ. ರಬ್ಬರು ಹುಬ್ಬಳ್ಳಿಯಿಂದ ಬರಬೇಕು. ಬಂದು, ಹಾಕಿ, ಅದೇ ದಾರಿಯಲ್ಲಿ ತಾವೇ ಓಡಿಸಿ ನೋಡಿದ ಮೇಲಷ್ಟೇ ಫರಹಾನಾ ಚಾವಿ ಕೊಡಲು ಒಪ್ಪುತ್ತಾರೆ. ಚಾವಿ ಕೊಡುವ ದಿನ ಸಂಜೆ ರಂಜನಾ ಕೂಡ ಬಂದಿದ್ದಾರೆ. ಬಸ್ಸಿನ ಘಟನೆಯ ನಂತರ ಅವರು ಈ ಕಾರು ಹತ್ತಿಲ್ಲ. ಬಾಗಿಲು ಹಿಡಿದು ನಿಂತು, "ಕೂಡ್ಲೇನ್ರಿ?" ಎಂದು ಫರಹಾನಾರನ್ನೇ ಕೇಳುತ್ತಾರೆ.

"ಕೂಡ್ರಿ ಅಕ್ಕಾರ. ಮನಿ ಮುಟ್ಟಿದ ಮ್ಯಾಲ ಒಂದು ಫೋನ್ ಮಾಡ್ರಿ."

ಕಾರು ಹೋದ ಮೇಲೆ ಫರಹಾನಾ ಟ್ರ್ಯಾಕ್ಟರಿನ ಸ್ಟಾರ್ಟರ್ ಬಿಚ್ಚಲು ಕೂರುತ್ತಾರೆ. ಕಣ್ಣು ಮಾತ್ರ ಫೋನಿನ ಮೇಲೆ. ಎಲ್ಲ ಗಿರಾಕಿಗಳಿಗೂ ಹೀಗೆ ಹೇಳುತ್ತೀರಾ ಎಂದು ಕೇಳುತ್ತೇನೆ. "ಹೇಳ್ತೇನ್ರಿ. ಕೆಟ್ಟು ನಿಂತ್ರ ಫೋನ್ ಮಾಡ್ತಾರ, ಮನಿ ಮುಟ್ಟಿದ್ರ ಯಾರೂ ಮಾಡಂಗಿಲ್ಲ. ನನಗ ಬೇಕಾದ್ದು ಅದೊಂದ ಮಾತು ನೋಡ್ರಿ."

ಕತ್ತಲಾಗುವ ಹೊತ್ತಿಗೆ ಫೋನ್ ಸದ್ದಾಗುತ್ತದೆ. ಫರಹಾನಾ ಗ್ರೀಸ್ ಮೆತ್ತಿದ ಕೈಯಲ್ಲೇ ಎತ್ತಿ ಕಿವಿಗೆ ಒತ್ತುತ್ತಾರೆ. ಆ ಕಡೆಯ ಮಾತು ನನಗೆ ಕೇಳಿಸುವುದಿಲ್ಲ.

"ಹೂನ್ರಿ ಅಕ್ಕಾರ," ಎನ್ನುತ್ತಾರೆ ಅವರು. ಆಮೇಲೆ ತಂದೆಯ ಕಡೆ ತಿರುಗಿ, "ಅಬ್ಬಾ, ಮುಟ್ಯಾರಂತ."